ರಂಗಪ್ಪನ ಬೆಟ್ಟಕ್ಕೆ ಹೋಗುವವರು ಸೋಲಿಗರ ಕಾಡಿಗೆ ಒಂದು ದಿನ ಇಟ್ಟುಕೊಳ್ಳಿ

ಬಿಳಿಗಿರಿರಂಗನ ಬೆಟ್ಟಕ್ಕೆ ನಾವು ಮೊದಲ ಸಲ ಹೋದಾಗ ದೇವಸ್ಥಾನ ನೋಡಿ, ಊಟ ಮಾಡಿ, ಸಂಜೆಯೊಳಗೆ ಇಳಿದುಬಿಟ್ಟಿದ್ದೆವು. ಕಳೆದ ಡಿಸೆಂಬರಿನಲ್ಲಿ ಹೆಂಡತಿ, ಮಗಳ ಜೊತೆ ಎರಡು ರಾತ್ರಿಗೆಂದು ಹೋದೆ. ಅಲ್ಲಿ ಸೋಲಿಗರೆಂಬ ಬುಡಕಟ್ಟು ಜನ ಇದ್ದಾರೆ, ಈ ಕಾಡು ಅವರ ಮನೆ ಅನ್ನುವುದು ಆಗ ಸರಿಯಾಗಿ ಕಣ್ಣಿಗೆ ಬಿತ್ತು.

ಮೊದಲು ದಾರಿ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಸುಮಾರು 180 ಕಿ.ಮೀ. ಮೈಸೂರಿನಿಂದ ಅದರ ಅರ್ಧದಷ್ಟು. ರೈಲಿಗೆ ಬರುವವರು ಚಾಮರಾಜನಗರದಲ್ಲಿ ಇಳಿಯಬೇಕು. ಯಳಂದೂರು, ಚಾಮರಾಜನಗರ ಎರಡೂ ಕಡೆಯಿಂದ ಬೆಟ್ಟಕ್ಕೆ ಬಸ್ಸಿದೆ. ಯಳಂದೂರು ಕಡೆಯಿಂದ ಹೋದರೆ ಗುಂಬಳ್ಳಿಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಸಿಗುತ್ತದೆ. ಕತ್ತಲಾದ ಮೇಲೆ ಅಲ್ಲಿ ಒಳಗೆ ಬಿಡುವುದಿಲ್ಲ. ನಾವು ಕೊಳ್ಳೇಗಾಲದಲ್ಲಿ ಸೀರೆ ನೋಡುತ್ತಾ ಹೊತ್ತು ಕಳೆದೆವು. ಗೇಟಿಗೆ ಬರುವಾಗ ತಡವಾಗಿತ್ತು. ಆ ರಾತ್ರಿ ಯಳಂದೂರಿಗೆ ವಾಪಸ್ ಬಂದು ಲಾಡ್ಜಿನಲ್ಲಿ ಮಲಗಿದೆವು, ಮೇಲೆ ಕಾಯ್ದಿರಿಸಿದ್ದ ಕೋಣೆಯ ದುಡ್ಡೂ ಹೋಯಿತು. ನೀವು ಮಧ್ಯಾಹ್ನ ನಾಲ್ಕಕ್ಕೆಲ್ಲ ಚೆಕ್‌ಪೋಸ್ಟ್ ದಾಟುವ ಹಾಗೆ ಹೊರಡಿ. ಬೈಕಿನಲ್ಲಿ ಬರುವವರು ಯಾವ ದಾರಿಗೆ ಬಿಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಡಿ, ಪ್ಲಾಸ್ಟಿಕ್ ಬಾಟಲಿ ಒಯ್ಯಬೇಡಿ.

ಸಫಾರಿ ಇರುವುದು ಕ್ಯಾತದೇವರ ಗುಡಿಯಲ್ಲಿ. ಎಲ್ಲರೂ ಕೆ. ಗುಡಿ ಅನ್ನುತ್ತಾರೆ. ಕಾಟಿ, ಕಡವೆ ಕಂಡವು, ಹುಲಿ ಕಾಣಲಿಲ್ಲ. ಸಫಾರಿ ಬಗ್ಗೆ ಇಷ್ಟು ಸಾಕು.

ನಾನು ಹೇಳಬೇಕೆಂದಿರುವುದು ಮರುದಿನದ ಬಗ್ಗೆ. ಈ ಕಾಡಿನ ಒಳಗೂ ಅಂಚಿನಲ್ಲೂ ಸೋಲಿಗರ 60ಕ್ಕೂ ಹೆಚ್ಚು ಪೋಡುಗಳಿವೆ. ಪೋಡು ಅಂದರೆ ಅವರ ಊರು. ಸುಮ್ನೆ ಕ್ಯಾಮೆರಾ ಹಿಡಿದು ಅಲ್ಲಿಗೆ ನುಗ್ಗಬೇಡಿ. ಹಿಂದಿನ ದಿನವೇ ಅಲ್ಲಿಯವರನ್ನೇ ಕೇಳಿ, ಒಪ್ಪಿದರೆ ಮಾತ್ರ ಹೋಗಿ, ಕರೆದುಕೊಂಡು ಹೋಗುವವರಿಗೆ ಕೂಲಿ ಕೊಡಿ. ಕಾಡಿನೊಳಗೆ ನಡೆಯಬೇಕಿದ್ದರೆ ಇಲಾಖೆಯ ಅನುಮತಿ ಬೇಕೇ ಬೇಕು. ನಮ್ಮ ಜೊತೆ ಬಂದವರು ಐವತ್ತು ದಾಟಿದ ಸೋಲಿಗ ಅಣ್ಣ. ಪೋಡಿನ ಅಂಚಿನಲ್ಲಿ ನೆಲ್ಲಿಮರ ಕಾಯಿ ಬಿಟ್ಟು ಬಾಗಿತ್ತು. ಕೊಂಬೆ ಪೂರ್ತಿ ಬರಿದಾಗುವ ಮೊದಲೇ ಅವರು ಕೈ ತೆಗೆದರು. ಮಗಳು ಯಾಕೆ ಎಂದಳು. ‘ಎಲ್ಲಾ ಕಿತ್ಕೊಂಡ್ರೆ ಕಡವೆ ಏನ್ ತಿಂದದು ಅವ್ವಾ?’ ಎಂದರು.

ಜೇನಿನಲ್ಲೂ ಹೀಗೆಯೇ. ಹೆಜ್ಜೇನು ಕೀಳುವುದು ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ, ಅದೂ ರಾತ್ರಿ ಹೊತ್ತು, ಎತ್ತರದ ಮರ ಹತ್ತಿ. ಹುಟ್ಟಿನಲ್ಲಿ ಒಂದು ಪಾಲು ಹುಳುವಿಗೆ ಬಿಡುತ್ತಾರೆ. ಹುಲಿಗೆ ಮರ ಹತ್ತಿ ಜೇನು ಕೀಳಲು ಆಗುವುದಿಲ್ಲವಲ್ಲ, ಅದರ ಪಾಲಿಗೆಂದು ಒಂದು ತುಂಡು ನೆಲದ ಮೇಲೂ ಇಡುತ್ತಾರಂತೆ. ನನಗೆ ಆ ದಿನ ಕೇಳಿದ್ದರಲ್ಲಿ ಮನಸ್ಸಿಗೆ ನಾಟಿದ ಮಾತು ಇದೇ.

ಇಷ್ಟು ಎಚ್ಚರದಿಂದ ಬದುಕಿದವರನ್ನೇ ಕಾಡಿಗೆ ತೊಂದರೆ ಎಂದು ನೋಡಿದ ಕಾಲವೂ ಇತ್ತು. 1974ರಲ್ಲಿ ಇದು ವನ್ಯಧಾಮವಾದಾಗ ಅವರು ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ, ಬೇಟೆ ನಿಂತವು. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಿದ್ದುಪಡಿಯಾದ ಮೇಲೆ ಕಾಡಿನ ಜೇನು, ನೆಲ್ಲಿ, ಕಲ್ಲುಹೂವು ತಂದು ಮಾರುವುದಕ್ಕೂ ತಡೆ ಬಿತ್ತು. ವರ್ಷದ ಖರ್ಚು ಅದರಲ್ಲೇ ನಡೆಯುತ್ತಿದ್ದ ಮನೆಗಳ ಪಾಡು ಯೋಚಿಸಿ. 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು, ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಆ ಅಣ್ಣ ದಿನಾಂಕ ಸಮೇತ ಹೇಳಿದರು, ಗಾಂಧಿ ಜಯಂತಿ ದಿನ ಎಂದು.

ದಾರಿಯುದ್ದಕ್ಕೂ ಲಂಟಾನ ಪೊದೆ ನಿಮಗೂ ಕಾಣುತ್ತದೆ. ಅದರ ಕೆಳಗೆ ಹುಲ್ಲೂ ಬರುವುದಿಲ್ಲ, ನೆಲ್ಲಿ ಸಸಿಯೂ ಏಳುವುದಿಲ್ಲ. ಹಿಂದೆ ಬೇಸಿಗೆ ಶುರುವಿನಲ್ಲೇ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನವೂ, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಬಂದಳಿಕೆಯೂ ಜಾಸ್ತಿಯಾಯಿತು ಎಂಬುದು ಸೋಲಿಗರ ಮಾತು. ಈಗ ಕೆಲವರು ಅದೇ ಲಂಟಾನ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು ಬುಟ್ಟಿ, ಕುರ್ಚಿ ಮಾಡುತ್ತಾರೆ. ಗಟ್ಟಿಯಾಗಿರುತ್ತದೆ, ಬೆತ್ತಕ್ಕಿಂತ ಅಗ್ಗ. ಸಿಕ್ಕರೆ ಕೊಳ್ಳಿ.

ಜೇನು ಕೊಳ್ಳುವಾಗ ಸೋಲಿಗರ ಸಹಕಾರ ಸಂಘದ್ದನ್ನೇ ಕೇಳಿ. ಸ್ಥಳೀಯರು ಲ್ಯಾಂಪ್ಸ್ ಎನ್ನುತ್ತಾರೆ. ದುಡ್ಡು ಕಿತ್ತವರಿಗೆ ಸೇರುತ್ತದೆ. ಒಂದೊಂದು ಬಾಟಲಿಯ ಬಣ್ಣ, ರುಚಿ ಬೇರೆ ಇರುತ್ತದೆ. ನೇರಳೆ ಹೂವಿನದು ಸ್ವಲ್ಪ ಕಹಿ. ಕಲಬೆರಕೆ ಎಂದು ಹಿಂದೆ ಕೊಡಬೇಡಿ. ಹಿತ್ತಲಲ್ಲಿ ಮರದ ನೆರಳಿಗೆ ಬೆಳೆದ ಕಾಫಿಯೂ ಸಿಗುತ್ತದೆ. ನಾವು ಒಂದು ಕೆಜಿ ತಂದೆವು, ಎರಡು ತರಬೇಕಿತ್ತು.

ಇನ್ನೊಂದು ಜಾಗ ದೊಡ್ಡ ಸಂಪಿಗೆ. ಭಾರ್ಗವಿ ಹೊಳೆಯ ದಡದಲ್ಲಿ ನೂರಾರು ವರ್ಷದ ಮರ, ಬುಡದಲ್ಲಿ ಲಿಂಗದಂಥ ಕಲ್ಲುಗಳು. ಸೋಲಿಗರಿಗೆ ಅದು ದೇವರು. ಹೋಗಲು ಬಿಡುತ್ತಾರೋ ಎಂದು ಮೊದಲು ವಿಚಾರಿಸಿ. ಚಪ್ಪಲಿ ದೂರದಲ್ಲೇ ಬಿಡಿ, ದನಿ ತಗ್ಗಿಸಿ. ನಾವು ಹೋದಾಗ ಒಬ್ಬ ಅಜ್ಜಿ ಹೂವಿಟ್ಟು ಮರದ ಜೊತೆ ಮಾತಾಡುತ್ತಾ ನಿಂತಿದ್ದರು. ಅವರು ಮುಗಿಸುವ ತನಕ ದೂರದಲ್ಲೇ ಕಾದೆವು. ಫೋಟೋ ತೆಗೆಯಲಿಲ್ಲ.

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಚಳಿ ಜೋರು, ಸ್ವೆಟರ್ ಇರಲಿ. ನಗದು ಒಯ್ಯಿರಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇರುವುದರಿಂದ ಹೊರಡುವ ಮೊದಲು ಒಂದು ಫೋನ್ ಮಾಡಿ. ಆದರೆ ಏಪ್ರಿಲ್ ಹೊತ್ತಿಗೆ ಸೋಲಿಗರ ರೊಟ್ಟಿ ಹಬ್ಬ ಬರುತ್ತದೆ, ರಾಗಿ ರೊಟ್ಟಿ ಸುಟ್ಟು ದೇವರಿಗೆ ಇಡುವ ಹಬ್ಬ. ಹೊರಡುವಾಗ ಆ ಅಣ್ಣ ನಮ್ಮನ್ನು ಅದಕ್ಕೆ ಕರೆದಿದ್ದಾರೆ. ಮಗಳ ಪರೀಕ್ಷೆ ಮುಗಿದ ಕೂಡಲೇ ಹೊರಡುತ್ತೇವೆ.