ಅಡಿಕೆ ಕೊಯ್ಲು ಮುಗಿಸಿ ಕೆರಿಬಿಯನ್ ಹಡಗು: ಮೊದಲ ಸಲ ಹೊರಡುವ ಗಂಡ-ಹೆಂಡತಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಕೆರಿಬಿಯನ್ ಕ್ರೂಸ್ ಬುಕ್ ಮಾಡುವ ಮೊದಲು ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಂಡು ಕೂರಬೇಕು. ಒಂದು ತೋಟದ್ದು. ಅಕ್ಟೋಬರ್ ಹೊತ್ತಿಗೆ ಶುರುವಾದ ಅಡಿಕೆಗೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿಯುವಾಗ ಫೆಬ್ರವರಿ ಬಂದಿರುತ್ತದೆ. ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಗೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮನೆಯಲ್ಲಿರಬೇಕು. ಇನ್ನೊಂದು ಅಟ್ಲಾಂಟಿಕ್ ಸಮುದ್ರದ್ದು. ಅಲ್ಲಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30; ಅದರ ನೆತ್ತಿ ಸೆಪ್ಟೆಂಬರ್ 10ರ ಆಸುಪಾಸು. ಎರಡನ್ನೂ ಕಳೆದರೆ ಉಳಿಯುವುದು ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗಿನ ಸಮಯ. ಅದರಲ್ಲೂ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ರಜೆ, ಹಡಗಿನ ತುಂಬ ಗಲಾಟೆ, ದರವೂ ಏರಿರುತ್ತದೆ. ಏಪ್ರಿಲ್ ಕೊನೆಯ ವಾರ, ಮೇ ಮೊದಲ ಎರಡು ವಾರ ಚಿನ್ನದಂಥ ಸಮಯ. ನಮ್ಮ ಕಡೆ ಅದೇ ಮದುವೆ ಕಾಲ, ನೆಂಟರ ಹತ್ತಿರ ಒಂದೆರಡು ಮಾತು ಕೇಳಬೇಕಾದೀತು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಟಿಕೆಟ್ ಅಗ್ಗ ಸಿಗುವುದು ನಿಜ. ಹಡಗು ಚಂಡಮಾರುತದ ಬಾಯಿಗೆ ಹೋಗಿ ಬೀಳುವುದಿಲ್ಲ, ದಾರಿ ಬದಲಿಸಿ ತಪ್ಪಿಸಿಕೊಳ್ಳುತ್ತದೆ. ಆದರೆ ನೀವು ನೋಡಬೇಕೆಂದು ಹೊರಟ ಮೂರು ಊರಿನಲ್ಲಿ ಎರಡು ಬಿಟ್ಟುಹೋಗಬಹುದು. ಬಂದರು ಬದಲಿಸುವ ಹಕ್ಕು ಟಿಕೆಟ್ ಕರಾರಿನಲ್ಲೇ ಬರೆದಿರುತ್ತದೆ, ಅದಕ್ಕೆ ಪರಿಹಾರ ಕೇಳಲು ಬರುವುದಿಲ್ಲ.

ಇನ್ನು ಕಾಗದಪತ್ರ. ಮೊದಲ ಸಲದವರು ಎಡವುವುದು ಹೆಚ್ಚಾಗಿ ಇಲ್ಲೇ.

ಬಹುಪಾಲು ಕೆರಿಬಿಯನ್ ಹಡಗುಗಳು ಫ್ಲಾರಿಡಾದ ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕೆನವೆರಲ್‌ಗಳಿಂದ ಹೊರಡುತ್ತವೆ. ಹಾಗಾಗಿ ಅಮೆರಿಕದ ಬಿ1/ಬಿ2 ಎಂಬ ಪ್ರವಾಸಿ ವೀಸಾ ಬೇಕೇಬೇಕು, ಅದೂ ಮಲ್ಟಿಪಲ್ ಎಂಟ್ರಿಯದು. ಕಾರಣ ಹಳೆಯದು. ಅಮೆರಿಕದ 1886ರ ಪ್ರಯಾಣಿಕ ಹಡಗು ಕಾಯ್ದೆಯ ಪ್ರಕಾರ ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ವಾಪಸಾಗುವುದಿದ್ದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ ಹಾರಿಸುವಂಥವು. ಅಂದರೆ ಏಳು ರಾತ್ರಿ ತಿರುಗಿ ಮಯಾಮಿಗೆ ಬಂದಿಳಿದಾಗ ನೀವು ಅಮೆರಿಕಕ್ಕೆ ಎರಡನೇ ಸಲ ಪ್ರವೇಶಿಸಿದ ಲೆಕ್ಕ.

ಪಾಸ್‌ಪೋರ್ಟ್ ಅರ್ಜಿಯ ಕೆಲಸ ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ವೀಸಾಕ್ಕೆ ಡಿಎಸ್-160 ಫಾರ್ಮ್ ತುಂಬಿ, ಒಬ್ಬರಿಗೆ 185 ಡಾಲರ್ ಅರ್ಜಿ ಶುಲ್ಕ ಕಟ್ಟಿ, ಸಂದರ್ಶನದ ದಿನಕ್ಕೆ ಕಾಯಬೇಕು. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಇಲ್ಲ. ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯುವುದು ಮಾಮೂಲು, ಅದಕ್ಕೇ ವೀಸಾ ಕೈಗೆ ಬರುವ ಮೊದಲು ರೀಫಂಡ್ ಇಲ್ಲದ ಟಿಕೆಟ್ ತೆಗೆಯಬೇಡಿ.

ನಮ್ಮ ಹೆಸರುಗಳದ್ದೇ ಒಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ವಿಮಾನದ ಟಿಕೆಟ್, ಹಡಗಿನ ಬುಕಿಂಗ್, ವಿಮೆ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಏಜೆಂಟರು ‘ನಡೀತದೆ ಬಿಡಿ’ ಎಂದರೆ ಒಪ್ಪಬೇಡಿ.

ಮುಟ್ಟುವ ಪ್ರತಿ ದೇಶದ ವೀಸಾ ನಿಯಮವನ್ನೂ ಹಡಗಿನ ಕಂಪನಿಯಿಂದ ಲಿಖಿತವಾಗಿ ಕೇಳಿ. ಭಾರತದ ಪಾಸ್‌ಪೋರ್ಟಿಗೆ ಜಮೈಕಾ, ಬಾರ್ಬಡೋಸ್ ವೀಸಾ ಕೇಳುವುದಿಲ್ಲ. ಮೆಕ್ಸಿಕೊಗೆ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಸಾಕು. ಅಮೆರಿಕದಲ್ಲಿ ಕೆಲಸದಲ್ಲಿರುವ ಮಗ ಜೊತೆಗೆ ಬರುತ್ತೇನೆಂದರೆ ಅವನ ವೀಸಾ ಮುದ್ರೆಯ ತಾರೀಕು ನೋಡಿ. ಎಚ್-1ಬಿ ಎಂಬ ಕೆಲಸದ ವೀಸಾದ ಮುದ್ರೆಯ ಅವಧಿ ಮುಗಿದಿದ್ದರೂ ಮೆಕ್ಸಿಕೊ, ಕೆನಡಾಕ್ಕೆ ಮೂವತ್ತು ದಿನದೊಳಗೆ ಹೋಗಿಬರಲು ವಿನಾಯಿತಿ ಉಂಟು. ಕೆರಿಬಿಯನ್ ದ್ವೀಪಗಳಿಗೆ ಆ ವಿನಾಯಿತಿ ವಿದ್ಯಾರ್ಥಿ ಮತ್ತು ವಿನಿಮಯ ವೀಸಾದವರಿಗೆ ಮಾತ್ರ.

ಹಳದಿ ಜ್ವರದ ವಿಚಾರವನ್ನು ಅಮೆರಿಕದವರು ಬರೆದ ಮಾರ್ಗದರ್ಶಿಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಯಾಕೆಂದರೆ ಅದು ಭಾರತದ ನಿಯಮ. ಟ್ರಿನಿಡಾಡ್, ಪನಾಮಾ, ಕೊಲಂಬಿಯಾ ಮುಟ್ಟಿ ಬರುವವರಿಗೆ ಭಾರತದಲ್ಲಿ ಇಳಿಯುವಾಗ ಲಸಿಕೆಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. ಅರವತ್ತು ದಾಟಿದವರು ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಮೊದಲ ಪ್ರವಾಸಕ್ಕೆ ಇದೆಲ್ಲ ಯಾಕೆ? ಬಹಾಮಾಸ್, ಮೆಕ್ಸಿಕೊದ ಕೋಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ ಮುಟ್ಟುವ ಪಶ್ಚಿಮದ ದಾರಿ ಹಿಡಿದರೆ ಈ ತಾಪತ್ರಯವೇ ಇಲ್ಲ.

ಹಣದ ಮಾತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರ ಒಬ್ಬರದ್ದು. ಏಳು ರಾತ್ರಿಗೆ ತಲಾ 700 ಡಾಲರ್ ಎಂದಿಟ್ಟುಕೊಳ್ಳಿ, ಇಬ್ಬರಿಗೆ 1400. ತೆರಿಗೆ ಮತ್ತು ಬಂದರು ಶುಲ್ಕ ತಲಾ 150ರಂತೆ 300; ಕೆಲವರು ಇದನ್ನು ಸೇರಿಸಿಯೇ ತೋರಿಸುತ್ತಾರೆ, ವಿಚಾರಿಸಿ. ಸಿಬ್ಬಂದಿಯ ಟಿಪ್ಸ್ ದಿನಕ್ಕೆ ತಲಾ 18ರಂತೆ ಹಿಡಿದರೆ 252. ಒಂದು ಮೊಬೈಲಿಗೆ ವೈಫೈ ದಿನಕ್ಕೆ 20ರಂತೆ 140. ಮೂರು ಊರಿನಲ್ಲಿ ಸುತ್ತಾಟಕ್ಕೆ ತಲಾ 80ರಂತೆ 480. ಹಡಗು ಹತ್ತುವ ಮೊದಲಿನ ಹೋಟೆಲ್, ಟ್ಯಾಕ್ಸಿಗೆ 250. ಕೂಡಿದರೆ 2822. ಜಾಹೀರಾತಿನ ಮೊತ್ತದ ಎರಡು ಪಟ್ಟಾಯಿತು, ವಿಮಾನ ಮತ್ತು ವೀಸಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬಜೆಟ್ ಹಾಕುವಾಗ ದರವನ್ನು ಎರಡರಿಂದ ಗುಣಿಸಿಬಿಡಿ.

ಇಲ್ಲಿನ ಏಜೆಂಟರಿಂದ ಪ್ಯಾಕೇಜ್ ತೆಗೆದರೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತದೆ. ರಸೀದಿಯಲ್ಲಿ ಪ್ಯಾನ್ ಸರಿಯಾಗಿದೆಯೇ ನೋಡಿಕೊಂಡರಾಯಿತು. ಹಡಗಿನಲ್ಲಿ ನಗದು ನಡೆಯುವುದಿಲ್ಲ. ರೂಮಿನ ಕಾರ್ಡೇ ಎಲ್ಲದಕ್ಕೂ, ಕೊನೆಗೆ ಒಂದೇ ಬಿಲ್. ಆ ಖಾತೆಗೆ ಕ್ರೆಡಿಟ್ ಕಾರ್ಡ್ ಜೋಡಿಸಿ. ಡೆಬಿಟ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ತಡೆಹಿಡಿದ ಹಣ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟರೊಳಗೆ ನಿಮ್ಮ ಉಳಿತಾಯ ಖಾತೆ ಬರಿದಾಗಿ ಕೂತಿರುತ್ತದೆ. ಮದ್ಯದ ಪ್ಯಾಕೇಜಿನಲ್ಲೊಂದು ತಮಾಷೆಯಿದೆ: ರೂಮಿನಲ್ಲಿ ಒಬ್ಬರು ತೆಗೆದುಕೊಂಡರೆ ಇನ್ನೊಬ್ಬ ವಯಸ್ಕರೂ ತೆಗೆದುಕೊಳ್ಳಲೇಬೇಕೆಂಬುದು ಹಲವು ಕಂಪನಿಗಳ ನಿಯಮ. ಯಜಮಾನರ ಎರಡು ಬಿಯರಿಗೆ ಮನೆಯವರೂ ದಿನಕ್ಕೆ ಎಪ್ಪತ್ತು ಡಾಲರ್ ಕಟ್ಟಬೇಕು. ಬಿಡಿಯಾಗಿ ಕೊಂಡರೇ ಲೇಸು.

ವಿಮೆಯಲ್ಲಿ ಕೈ ಬಿಗಿ ಹಿಡಿಯಬೇಡಿ. ಪಾಲಿಸಿಯಲ್ಲಿ ಅಮೆರಿಕ ಸೇರಿದೆ, ಕ್ರೂಸ್ ಸೇರಿದೆ, ತುರ್ತಾಗಿ ಹೆಲಿಕಾಪ್ಟರ್ ಅಥವಾ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆ, ಈ ಮೂರೂ ಬರೆದಿರಬೇಕು. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. ಹಡಗಿನ ಡಾಕ್ಟರ ಬಿಲ್ಲು ಮೊದಲು ನಿಮ್ಮ ಖಾತೆಗೇ ಬೀಳುತ್ತದೆ, ಕ್ಲೇಮ್ ಆಮೇಲೆ.

ರೂಮು ಆರಿಸುವಾಗ ಆಗುಂಬೆ ಘಾಟಿ ನೆನೆಸಿಕೊಳ್ಳಿ. ಹದಿನಾಲ್ಕು ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೇ ಹೆಚ್ಚು ವಾಂತಿ. ಹಡಗಿನಲ್ಲೂ ಅಷ್ಟೇ, ತುದಿಗಳು ತೂಗುತ್ತವೆ, ನಡುಭಾಗ ಸುಮಾರಾಗಿ ನೆಟ್ಟಗಿರುತ್ತದೆ. ಉದ್ದದಲ್ಲಿ ನಡು, ಎತ್ತರದಲ್ಲಿ ಕೆಳಗಿನ ಡೆಕ್ ಕೇಳಿ. ಮಾತ್ರೆಯನ್ನು ಡಾಕ್ಟರ ಹತ್ತಿರ ಇಲ್ಲೇ ಬರೆಸಿಕೊಂಡು ಹೋಗಿ. ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಹೊರಗೇ ಬರುತ್ತದೆ. ಒಂದು ಗಂಟೆ ಮೊದಲೇ ಆಗಬೇಕು. ತಲೆ ತಿರುಗಿದಾಗ ರೂಮಿನಲ್ಲಿ ಮಲಗುವ ಬದಲು ಹೊರಗೆ ಬಂದು ನೀರು-ಆಕಾಶ ಕೂಡುವ ಗೆರೆ ನೋಡುತ್ತಾ ನಿಲ್ಲಿ. ಹಾಗೆಂದು ಭಯ ಬೇಡ. 2024ರಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದ. ಎತ್ತಿ ನಿಲ್ಲಿಸಿದರೆ 253 ಮೀಟರಿನ ನಮ್ಮ ಜೋಗಕ್ಕಿಂತ ನೂರು ಮೀಟರ್ ಮೇಲೆ. ಅಷ್ಟು ದೊಡ್ಡ ಹಡಗನ್ನು ಮೇ ತಿಂಗಳ ಅಲೆ ಹೆಚ್ಚೇನೂ ಅಲುಗಾಡಿಸುವುದಿಲ್ಲ. ಡೆಕ್ ನಕ್ಷೆಯಲ್ಲಿ ಇನ್ನೊಂದು ನೋಡಿ: ನಿಮ್ಮ ರೂಮಿನ ಮೇಲೆ ಈಜುಕೊಳ ಇದ್ದರೆ ಬೆಳಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು ಶುರು.

ಪೆಟ್ಟಿಗೆಗೆ ಏನು ಹಾಕಬಾರದು ಎಂಬುದು ಮೊದಲು. ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್, ಮೇಣದ ಬತ್ತಿ, ಊದಿನಕಡ್ಡಿ ಹಡಗಿಗೆ ಹೋಗುವುದಿಲ್ಲ. ಬೆಂಕಿಯ ಭಯ. ದೇವರ ಫೋಟೋ ಇಟ್ಟು ಕೈಮುಗಿಯಬಹುದು, ದೀಪ ಹಚ್ಚುವಂತಿಲ್ಲ. ಮನೆಯ ಅಪ್ಪೆಮಿಡಿ ಭರಣಿ ಮನೆಯಲ್ಲೇ ಇರಲಿ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ, ಕಾಫಿ ಸ್ಯಾಚೆಟ್ ನಡೆಯುತ್ತದೆ. ಕವಳ ಹಾಕುವವರು ಹಸಿ ವೀಳ್ಯದೆಲೆ ಒಯ್ಯಬೇಡಿ. ಎಲೆ, ಹಣ್ಣು, ಬೀಜ ಏನಿದ್ದರೂ ಅಮೆರಿಕದಲ್ಲಿ ಇಳಿಯುವಾಗ ಘೋಷಿಸಬೇಕು, ಮುಚ್ಚಿಟ್ಟರೆ ದಂಡ. ಮಿಲಿಟರಿ ಬಣ್ಣದ ಪ್ಯಾಂಟು, ಟೊಪ್ಪಿ ಕೂಡ ಬೇಡ. ಜಮೈಕಾ, ಬಾರ್ಬಡೋಸ್‌ನಲ್ಲಿ ಸಾಮಾನ್ಯರು ಅದನ್ನು ಹಾಕುವುದೇ ಕಾನೂನಿಗೆ ವಿರುದ್ಧ.

ಹಾಕಬೇಕಾದವು: ಒಂದು ಪ್ಲಾಸ್ಟಿಕ್ ಚೊಂಬು, ಯಾಕೆಂದರೆ ಅಲ್ಲಿನ ಶೌಚಾಲಯದಲ್ಲಿ ಜೆಟ್ ಇಲ್ಲ. ನಾಲ್ಕಾರು ಅಯಸ್ಕಾಂತದ ಕೊಕ್ಕೆ. ರೂಮಿನ ಗೋಡೆ ಸಾಮಾನ್ಯವಾಗಿ ಲೋಹದ್ದು, ಒದ್ದೆ ಬಟ್ಟೆ ನೇತುಹಾಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಮೆರಿಕದ ಚಪ್ಪಟೆ ಪಿನ್ನಿನ ಅಡಾಪ್ಟರ್ ಎರಡು; ಚಾರ್ಜರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಸಾಕು.

ಸಸ್ಯಾಹಾರಿಗಳು ಬುಕ್ ಮಾಡಿದ ತಕ್ಷಣ ತಿಳಿಸಿ, ಹತ್ತಿದ ಮೊದಲ ಸಂಜೆ ಊಟದ ಮನೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ. ‘ವೆಜಿಟೇರಿಯನ್’ ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರಿದೆ. ತರಕಾರಿ ಸೂಪಿಗೆ ಕೋಳಿಯ ರಸ ಹಾಕಿರಬಹುದು, ಜೆಲ್ಲಿಯಲ್ಲಿ ಜೆಲಟಿನ್ ಇರುತ್ತದೆ, ಆಲೂಗಡ್ಡೆಯನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ; ಅಡುಗೆಮನೆಯಲ್ಲಿ ಭಾರತೀಯರೂ ಇರುತ್ತಾರೆ, ಹಿಂದಿನ ದಿನ ಹೇಳಿದರೆ ದಾಲ್, ಪಲ್ಯ ಬರುತ್ತದೆ. ಏನೂ ಒಗ್ಗದಿದ್ದರೆ ಬಫೆಯಲ್ಲಿ ಅನ್ನ, ಸಪ್ಪೆ ಮೊಸರು ಹುಡುಕಿ, ಮೊಸರನ್ನ ಆಯಿತು. ಉಣ್ಣುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಹಡಗುಗಳಲ್ಲಿ ಹಬ್ಬುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಹೊರಡುವ ದಿನದ ಲೆಕ್ಕ ಬಿಗಿ. ಪ್ರಯಾಣಿಕರ ಪಟ್ಟಿ ಮೊದಲೇ ಕಳಿಸಬೇಕಾದ್ದರಿಂದ ಹಡಗು ಬಿಡುವ 60ರಿಂದ 90 ನಿಮಿಷ ಮೊದಲೇ ಬಾಗಿಲು ಹಾಕುತ್ತಾರೆ. ಮಯಾಮಿಗೆ ಎರಡು ದಿನ ಮೊದಲೇ ತಲುಪಿ. ಮೇ ತಿಂಗಳಲ್ಲಿ ಅಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ನಿದ್ದೆ ಸರಿಹೋಗಲೂ ಸಮಯ ಬೇಕು. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ಅದೇ ದಿನದ ವಿಮಾನ ಹಿಡಿಯುವುದಕ್ಕಿಂತ ಹಿಂದಿನ ದಿನದ ರೈಲೇ ವಾಸಿ. ಟಿಕೆಟ್ ಬೇರೆ ಬೇರೆಯಾಗಿದ್ದರೆ ಒಂದು ತಡವಾದದ್ದಕ್ಕೆ ಇನ್ನೊಬ್ಬರು ಹೊಣೆಯಲ್ಲ. ದೊಡ್ಡ ಪೆಟ್ಟಿಗೆ ಬಂದರಿನಲ್ಲಿ ಕೊಟ್ಟರೆ ರೂಮಿಗೆ ಬರುವುದು ಸಂಜೆ, ಆದ್ದರಿಂದ ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹತ್ತಿದ ಮೇಲೆ ಮೊದಲ ಕೆಲಸ ಮಸ್ಟರ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ಅಭ್ಯಾಸ. ನಿಮ್ಮ ಕಾರ್ಡಿನ ಮೇಲೆ ಬರೆದ ಜಾಗಕ್ಕೆ ಹೋಗಿ ಹಾಜರಿ ಹಾಕಿಸಬೇಕು. ಏಳು ಚಿಕ್ಕ ಸೀಟಿ, ಆಮೇಲೆ ಒಂದು ಉದ್ದ ಸೀಟಿ ಕೇಳಿದರೆ ಅಲ್ಲಿಗೇ ಓಡಿಬರಬೇಕು. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಮಗುಚಿದಾಗ ಆ ದಿನ ಹತ್ತಿದ ಹಲವರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಈಗ ಹಡಗು ಬಿಡುವ ಮೊದಲೇ ಮುಗಿಸುತ್ತಾರೆ.

ಬಂದರಿನಲ್ಲಿ ಇಳಿಯುವಾಗ ಗಡಿಯಾರವೇ ಶತ್ರು. ಕೋಜುಮೆಲ್, ಜಮೈಕಾ, ಕೇಮನ್‌ಗಳಲ್ಲಿ ಬೇಸಿಗೆಗೆಂದು ಗಡಿಯಾರ ಮುಂದೆ ಇಡುವ ಪದ್ಧತಿಯಿಲ್ಲ, ಮಯಾಮಿಯಲ್ಲಿ ಇದೆ. ಹಡಗು ಮಯಾಮಿ ಸಮಯದಲ್ಲೇ ಉಳಿದರೆ ಮೇ ತಿಂಗಳಲ್ಲಿ ದಡಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ದಡಕ್ಕೆ ಕಾಲಿಟ್ಟೊಡನೆ ಮೊಬೈಲು ಊರಿನ ಟವರ್ ಹಿಡಿದು ತಾನಾಗಿ ಹಿಂದೆ ಹೋಗುತ್ತದೆ. ನಾಲ್ಕೂವರೆಗೆ ಎಲ್ಲರೂ ಹತ್ತಿರಬೇಕು ಎಂದಿದ್ದರೆ ನಿಮ್ಮ ಮೊಬೈಲಿನಲ್ಲಿ ಆಗ ಮೂರೂವರೆ. ಇನ್ನೂ ಒಂದು ಗಂಟೆಯಿದೆ ಎಂದು ಎಳನೀರು ಕುಡಿಯುತ್ತಾ ಕೂತಿರುತ್ತೀರಿ. ಕೈಗೆ ಹಳೆಯ ಮುಳ್ಳಿನ ಗಡಿಯಾರ ಕಟ್ಟಿ, ಇಳಿಯುವಾಗ ಹಡಗಿನ ಗಡಿಯಾರಕ್ಕೆ ಹೊಂದಿಸಿ, ಮತ್ತೆ ಮುಟ್ಟಬೇಡಿ. ಕಂಪನಿಯದೇ ಪ್ರವಾಸ ತೆಗೆದುಕೊಂಡು ತಡವಾದರೆ ಹಡಗು ಕಾಯುತ್ತದೆ ಅಥವಾ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಸ್ವಂತ ಟ್ಯಾಕ್ಸಿಯಾದರೆ ಯಾರೂ ಕಾಯುವುದಿಲ್ಲ. ಬಂದರಿನ ಏಜೆಂಟರ ಫೋನ್ ನಂಬರ್ ಇರುವ, ಹಡಗಿನವರೇ ಕೊಡುವ ದಿನಪತ್ರಿಕೆಯ ಫೋಟೋ ಹೊಡೆದುಕೊಂಡೇ ಇಳಿಯಿರಿ.

ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ನಿಂತು ಟೆಂಡರ್ ದೋಣಿಯಲ್ಲಿ ಇಳಿಸುತ್ತಾರೆ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಲಾಂಚ್ ಹತ್ತಿದವರಿಗೆ ಹೇಳಿಕೊಡಬೇಕಾಗಿಲ್ಲ: ಬೆಳಗ್ಗೆ ಬೇಗ ಹೊರಟರೆ ಸಲೀಸು, ಮಧ್ಯಾಹ್ನ ಕೊನೆಯ ಟ್ರಿಪ್‌ಗೆ ಉಳಿದರೆ ಬಿಸಿಲಲ್ಲಿ ಸಾಲು. ಅಲೆ ಹೆಚ್ಚಿದ್ದರೆ ಆ ಊರನ್ನೇ ರದ್ದು ಮಾಡುತ್ತಾರೆ.

ಹಣ ಖರ್ಚು ಮಾಡುವುದಾದರೆ ನೀರಿನೊಳಗೆ ಮಾಡಿ. ಕೋಜುಮೆಲ್‌ನ ಹವಳದ ದಿಬ್ಬದ ಮೇಲೆ ಸ್ನಾರ್ಕೆಲ್ ಎಂಬ ಉಸಿರುಕೊಳವೆ ಕಟ್ಟಿ ತೇಲುವುದು ಮಲೆನಾಡಿನಲ್ಲಿ ಸಿಗದ ಅನುಭವ. ಈಜು ಬಾರದವರಿಗೂ ಜಾಕೆಟ್ ಕೊಡುತ್ತಾರೆ. ಜಮೈಕಾದ ಡನ್ಸ್ ರಿವರ್ ಜಲಪಾತಕ್ಕೆ ಜನ ಮುಗಿಬೀಳುತ್ತಾರೆ, ಕೈಕೈ ಹಿಡಿದು ನೀರಿನಲ್ಲೇ ಹತ್ತುತ್ತಾರೆ. ಚೆನ್ನಾಗಿಯೇ ಇದೆ. ಆದರೆ ಮಲೆನಾಡಿನವರು ಕಾಡು, ಝರಿ ನೋಡಲು ಡಾಲರ್ ಕೊಡುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಹವಳದ ಚೂರು, ದೊಡ್ಡ ಶಂಖ ಮಾತ್ರ ಚೀಲಕ್ಕೆ ಹಾಕಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಹತ್ತು-ಹನ್ನೊಂದರೊಳಗೆ ಬಾಗಿಲ ಹೊರಗಿಡಬೇಕು. ಅವು ಮತ್ತೆ ಸಿಗುವುದು ಮರುದಿನ ಬಂದರಿನ ಶೆಡ್ಡಿನಲ್ಲಿ. ವಾಪಸ್ ವಿಮಾನ ಮಧ್ಯಾಹ್ನ ಹನ್ನೆರಡರ ಮೇಲಿನದ್ದಿರಲಿ. ಪೆಟ್ಟಿಗೆ ಹೊರಗಿಡುವ ಮೊದಲು ಬೆಳಗ್ಗೆ ಹಾಕುವ ಪ್ಯಾಂಟು, ಸೀರೆ, ಚಪ್ಪಲಿ ತೆಗೆದಿಟ್ಟುಕೊಂಡಿದ್ದೀರೋ ಇಲ್ಲವೋ ಒಮ್ಮೆ ನೋಡಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಡಚಿಟ್ಟು, ಬೆಳಗ್ಗೆ ಲುಂಗಿ-ನೈಟಿಯಲ್ಲೇ ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲುವ ಜೋಡಿ ಪ್ರತಿ ಹಡಗಿನಲ್ಲೂ ಒಂದಿರುತ್ತದಂತೆ.