‘ಹಾಗಾದರೆ ದೇವರಿಗೆ ಕಾರಣ ಯಾರು?’

ದೇವರಿದ್ದಾನೆ ಎಂದು ತರ್ಕದಿಂದ ತೋರಿಸಹೊರಟ ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸನ ಹೆಸರೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: ‘ಎಲ್ಲದಕ್ಕೂ ಕಾರಣ ಇದೆ ಅಂದನಲ್ಲ, ಹಾಗಾದರೆ ದೇವರಿಗೆ ಕಾರಣ ಯಾರು?’ ಜೊತೆಗೊಂದು ಕಿರುನಗೆ, ಏಳುನೂರು ವರ್ಷ ಯಾರಿಗೂ ಹೊಳೆಯದ್ದು ತಮಗೆ ಹೊಳೆಯಿತು ಎಂಬಂತೆ.

ಸ್ವಾಮಿ, ಆತ ಹಾಗೆ ಅನ್ನಲೇ ಇಲ್ಲ. ಅಂದದ್ದು ಇಷ್ಟು: ಯಾವುದು ಬದಲಾಗುತ್ತಿದೆಯೋ ಅದನ್ನು ಬದಲಾಯಿಸುತ್ತಿರುವುದು ಬೇರೊಂದು; ಈ ಸಾಲಿನ ಮೊದಲಲ್ಲಿ ತಾನು ಬದಲಾಗದೆಯೇ ಬದಲಾಯಿಸುವ ಒಂದು ಇರಬೇಕು, ಅದೇ ದೇವರು. ‘ಎಲ್ಲದಕ್ಕೂ’ ಅನ್ನುವುದು ನೀವು ಸೇರಿಸಿದ ಒಗ್ಗರಣೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮಗ, ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹೋಗುತ್ತಾ ಸೃಷ್ಟಿಯ ಮೊದಲ ದಿನಕ್ಕೆ ಮುಟ್ಟುವ ಸಾಲು ಅದು ಎಂದುಕೊಳ್ಳುವುದು. ಆ ಸಾಲಿಗೆ ಕೊನೆಯೇ ಇಲ್ಲದಿರುವುದು ಅಸಾಧ್ಯವೇನಲ್ಲ ಎಂದವನೇ ಅಕ್ವಿನಾಸ್! ಆತನ ದೊಡ್ಡ ಗ್ರಂಥ ‘ಸುಮ್ಮಾ ಥಿಯೊಲೊಜಿಯೆ’ಯ ಮೊದಲ ಭಾಗ, 46ನೇ ಪ್ರಶ್ನೆ ನೋಡಿ. ಒಂದು ಸುತ್ತಿಗೆ ಮುರಿದರೆ ಇನ್ನೊಂದನ್ನು ಹಿಡಿಯುವ ಕೆಲಸಗಾರನ ಉದಾಹರಣೆ ಅಲ್ಲಿದೆ. ಹೋದ ವರ್ಷ ಮುರಿದ ಸುತ್ತಿಗೆ ಇವತ್ತಿನ ಏಟಿಗೆ ಬೇಕಿಲ್ಲ. ಆತನ ವಾದಕ್ಕೆ ಬೇಕಾದದ್ದು ಬೇರೆ ಬಗೆಯ ಸಾಲು: ಕೈ ಅಲ್ಲಾಡಿಸಿದರೆ ಕೋಲು ಅಲ್ಲಾಡುತ್ತದೆ, ಕೈ ನಿಂತರೆ ಆಗಲೇ ನಿಲ್ಲುತ್ತದೆ. ಕೋಲನ್ನು ಎಷ್ಟು ಉದ್ದ ಮಾಡಿದರೂ ಕೈ ಬೇಡವಾಗುವುದಿಲ್ಲ.

ಜಗತ್ತಿಗೆ ಆರಂಭವಿದೆ ಎಂದು ಆತ ನಂಬಿದ್ದ, ನಿಜ. ಅದು ನಂಬಿಕೆಯ ಮಾತು, ತರ್ಕಕ್ಕೆ ಸಿಕ್ಕುವುದಲ್ಲ. ಸಾಬೀತು ಮಾಡಲು ಹೋಗಿ ಟೊಳ್ಳು ವಾದ ಹೂಡಿದರೆ ನಂಬದವರು ನಗುತ್ತಾರೆ ಎಂದು ಅಲ್ಲೇ ಎಚ್ಚರಿಸುತ್ತಾನೆ. (ನಕ್ಕವರೇ ನನ್ನನ್ನು ಕೇಳುತ್ತಿರುವುದು.)

ಹಾಗಂತ ವಾದ ಗೆದ್ದಿತು ಎನ್ನುತ್ತಿಲ್ಲ. ಚಲಿಸುತ್ತಿರುವುದು ಯಾರೂ ತಳ್ಳದೆಯೂ ಚಲಿಸುತ್ತಲೇ ಇರುತ್ತದೆ ಎನ್ನುವ ನ್ಯೂಟನ್ನನ ಜಡತ್ವದ ನಿಯಮ ಹಿಡಿದು ಬನ್ನಿ, ಆಗ ಕೂತು ಜಗಳವಾಡೋಣ.

ಅದಕ್ಕಿಂತ, ‘ಈ ಸುಮ್ಮಾ ಪುಸ್ತಕವನ್ನು ಓದುವುದು ಹೇಗೆ?’ ಎಂದು ಯಾರೂ ಯಾಕೆ ಕೇಳುವುದಿಲ್ಲ? 1265ರಿಂದ 1273ರವರೆಗೆ ಬರೆದು ಮುಗಿಸದೇ ಬಿಟ್ಟದ್ದು. ಪ್ರತಿ ಪ್ರಶ್ನೆಯ ಒಳಗೂ ಬಿಡಿ ಬಿಡಿ ಚರ್ಚೆಗಳಿವೆ. ಚರ್ಚೆ ಶುರುವಾಗುವುದೇ ಎದುರಾಳಿಯ ವಾದಗಳಿಂದ. ಆಮೇಲೆ ಅದಕ್ಕೆ ವಿರುದ್ಧವಾಗಿ, ಹೆಚ್ಚಾಗಿ ಬೈಬಲಿನಿಂದಲೋ ಹಿರಿಯರಿಂದಲೋ, ಒಂದು ಮಾತು. ಆಮೇಲೆ ‘ನಾನು ಹೇಳುವುದೇನೆಂದರೆ’ ಎಂದು ಆತನ ಉತ್ತರ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಪೂರ್ವಪಕ್ಷ, ಸಿದ್ಧಾಂತ ಕೇಳಿ ಬೆಳೆದ ನಮಗೆ ಇದೇನು ಹೊಸತೆ? ಆದರೂ ಪೂರ್ವಪಕ್ಷವನ್ನೇ ಆತನ ಅಭಿಪ್ರಾಯವೆಂದು ಎತ್ತಿ ಬರೆಯುವವರಿದ್ದಾರೆ. ಮೊದಲು ನಡುವಿನ ಉತ್ತರ ಓದಿ. ಆಮೇಲೆ ಒಂದನೇ ಆಕ್ಷೇಪದ ಪಕ್ಕದಲ್ಲಿ ಒಂದನೇ ಸಮಾಧಾನ ಇಟ್ಟುಕೊಳ್ಳಿ, ಎರಡನೆಯದರ ಪಕ್ಕ ಎರಡನೆಯದು.

ಅಂದಹಾಗೆ, ‘ದೇವರಿದ್ದಾನೆಯೇ?’ ಎಂಬಲ್ಲಿ ಆತ ಕೊಟ್ಟಿರುವ ಆಕ್ಷೇಪ ಎರಡೇ: ಜಗತ್ತಿನಲ್ಲಿ ಕೇಡು ಇದೆ; ಪ್ರಕೃತಿ, ಮನುಷ್ಯನ ಬುದ್ಧಿ ಇವೆರಡರಿಂದಲೇ ಎಲ್ಲವನ್ನೂ ವಿವರಿಸಬಹುದು. ಇವನ್ನು ಯಾರಾದರೂ ಕೇಳಿ, ಕಾಫಿ ನನ್ನದು.