ಡ್ರ್ಯಾಗನ್‌ಗೆ ಸಂಬಳ ಎಷ್ಟು?

ಶನಿವಾರ ರಾತ್ರಿ ಹನ್ನೊಂದೂವರೆ ಆಗಿತ್ತು. ಪುಸ್ತಕದಲ್ಲಿ ನೆಪೋಲಿಯನ್ ಆಗಷ್ಟೇ ಇಂಗ್ಲೆಂಡಿನ ನೆಲಕ್ಕೆ ಕಾಲಿಟ್ಟಿದ್ದ. ಪಕ್ಕದಲ್ಲಿ ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದ ಅಕ್ಕನ ಮಗಳು ಹೊದಿಕೆಯೊಳಗಿಂದಲೇ ಕೇಳಿದಳು.

"ಚಿಕ್ಕಿ, ಆ ಡ್ರ್ಯಾಗನ್‌ಗೆ ಸಂಬಳ ಎಷ್ಟು?"

"ಯಾವ ಡ್ರ್ಯಾಗನ್?"

"ನೀನು ಸಂಜೆ ಹೇಳಿದ್ಯಲ್ಲ, ಟೆಮರೇರ್. ಮಿಲಿಟರೀಲಿದೆ ಅಂದೆ."

"ಅದಕ್ಯಾಕೆ ಸಂಬಳ? ತಿನ್ನೋಕೆ ಹಸು ಕೊಡ್ತಾರಲ್ಲ."

"ಅದು ಊಟ. ಊಟ ಸಂಬಳ ಅಲ್ಲ."

ಇಷ್ಟು ಹೇಳಿ ಮಗ್ಗುಲು ಬದಲಿಸಿದಳು. ಎರಡೇ ನಿಮಿಷಕ್ಕೆ ಗೊರಕೆ. ವಯಸ್ಸು ಒಂಬತ್ತು. ನಾನು ಮಾತ್ರ ಅದೇ ಪುಟವನ್ನು ನಾಲ್ಕು ಸಲ ಓದಿದೆ.

ನಯೋಮಿ ನೋವಿಕ್ ಅವರ ಟೆಮರೇರ್ ಸರಣಿಯ ಐದನೇ ಪುಸ್ತಕ ಅದು. ಅಚ್ಚಾಗಿದ್ದು 2008ರಲ್ಲಿ. ನನ್ನ ಕೈಗೆ ಬಂದಿದ್ದು ಈ ವಾರ. ಹಾಗಾಗಿ ನನ್ನ ಲೆಕ್ಕದಲ್ಲಿ ಹೊಸದೇ. ಗೊತ್ತಿಲ್ಲದವರಿಗೆ ಎರಡು ಮಾತು. ಇರುವುದು ನೆಪೋಲಿಯನ್ ಕಾಲದ ಯುದ್ಧಗಳೇ, ಆದರೆ ಎಲ್ಲ ದೇಶದ ಸೈನ್ಯದಲ್ಲೂ ಡ್ರ್ಯಾಗನ್‌ಗಳಿವೆ. ಒಂದೊಂದು ದೊಡ್ಡ ಡ್ರ್ಯಾಗನ್ ಅಂದರೆ ಒಂದು ಹಡಗಿದ್ದ ಹಾಗೆ. ಬೆನ್ನ ಮೇಲೆ ಕ್ಯಾಪ್ಟನ್, ಅವನ ಕೈಕೆಳಗೆ ಲೆಫ್ಟಿನೆಂಟುಗಳು, ಬಂದೂಕಿನವರು, ಎಲ್ಲರೂ ಪಟ್ಟಿಗೆ ಕೊಕ್ಕೆ ಹಾಕಿಕೊಂಡು ನೇತಾಡುತ್ತಿರುತ್ತಾರೆ. ಈ ಡ್ರ್ಯಾಗನ್‌ಗಳು ಮಾತಾಡುತ್ತವೆ. ನಮ್ಮ ಟೆಮರೇರ್‌ಗಂತೂ ಮಾತು ಸ್ವಲ್ಪ ಜಾಸ್ತಿಯೇ. ಚೀನಾದಿಂದ ಫ್ರಾನ್ಸಿಗೆ ಹೋಗುತ್ತಿದ್ದ ಮೊಟ್ಟೆ, ಲಾರೆನ್ಸ್ ಎಂಬ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಕೈಗೆ ಸಿಕ್ಕಿ, ಸಮುದ್ರದ ಮಧ್ಯದಲ್ಲೇ ಒಡೆದು ಹುಟ್ಟಿದವನು. ಪುಸ್ತಕ ಓದಿಸಿಕೊಳ್ಳುವುದು ಅಂದರೆ ಪ್ರಾಣ. ಬಂಗಾರ ಕಂಡರೆ ಕಣ್ಣರಳುತ್ತದೆ.

ಮೊದಲ ಪುಸ್ತಕದಿಂದಲೂ ನಾನು ಡ್ರ್ಯಾಗನ್‌ಗಳ ಕಡೆಯವಳು, ಹಾಗಂತ ಅಂದುಕೊಂಡಿದ್ದೆ. ಅದಕ್ಕೆ ಕಾರಣ ಲೆವಿಟಾಸ್. ಟಪಾಲು ಒಯ್ಯುವ ಸಣ್ಣ ಡ್ರ್ಯಾಗನ್ ಅದು. ಅದರ ಕ್ಯಾಪ್ಟನ್ ರ‍್ಯಾಂಕಿನ್ ಅದನ್ನು ಸವಾರಿಗೆ ಬಳಸುತ್ತಾನೆ, ಇಳಿದ ಮೇಲೆ ತಿರುಗಿಯೂ ನೋಡುವುದಿಲ್ಲ. ಮೈಯೆಲ್ಲ ಕೊಳೆ. ಕೊನೆಗೆ ಗಾಯವಾಗಿ ಸಾಯುತ್ತಾ ಬಿದ್ದಾಗಲೂ ಲೆವಿಟಾಸ್ ಕೇಳುವುದು ಅದೇ ಕ್ಯಾಪ್ಟನ್‌ನನ್ನು. ಲಾರೆನ್ಸ್ ಹೋಗಿ ಅವನನ್ನು ಬಲವಂತವಾಗಿ ಎಳೆದುಕೊಂಡು ಬಂದು ಒಂದು ಒಳ್ಳೇ ಮಾತು ಆಡಿಸಬೇಕಾಗುತ್ತದೆ. ರ‍್ಯಾಂಕಿನ್ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಡೆಯುವ ಜನಕ್ಕಿಂತ ಈ ಥರದವರನ್ನು ಕಂಡರೆ ನನಗೆ ಹೆಚ್ಚು ಸಿಟ್ಟು. ಇವರು ಬೈಯುವುದೂ ಇಲ್ಲ. ಎದುರಿಗಿರುವ ಜೀವ ಇವರ ಕಣ್ಣಿಗೆ ಬೀಳುವುದೇ ಇಲ್ಲ.

ಆ ಪುಟದಲ್ಲಿ ಅತ್ತವಳು ನಾನು. ಅಂಥವಳ ಬಾಯಲ್ಲಿ ನಡುರಾತ್ರಿ ತಟ್ಟನೆ ಬಂದ ಉತ್ತರ, "ಅದಕ್ಯಾಕೆ ಸಂಬಳ? ತಿನ್ನೋಕೆ ಹಸು ಕೊಡ್ತಾರಲ್ಲ." ಈ ಸರಣಿಯ ದೊಡ್ಡ ಅಧಿಕಾರಿಗಳನ್ನು ನಿಲ್ಲಿಸಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು.

ಇನ್ನೂ ನಾಚಿಕೆಯ ವಿಷಯ ಅಂದರೆ, ಉತ್ತರ ನನಗೆ ಗೊತ್ತಿತ್ತು. ಎರಡನೇ ಪುಸ್ತಕದಲ್ಲಿ ಟೆಮರೇರ್ ಚೀನಾಕ್ಕೆ ಹೋಗುತ್ತಾನೆ. ಅಲ್ಲಿ ಡ್ರ್ಯಾಗನ್‌ಗಳು ಮನುಷ್ಯರ ಜೊತೆ ಬೀದಿಯಲ್ಲಿ ಓಡಾಡುತ್ತವೆ, ಓದುತ್ತವೆ, ಬರೆಯುತ್ತವೆ, ತಮ್ಮದೇ ದುಡ್ಡು ಕೊಟ್ಟು ಬೇಕಾದ್ದು ಕೊಳ್ಳುತ್ತವೆ. ವಾಪಸ್ ಬಂದ ಮೇಲೆ ಅವನು ಬೇರೆ ಏನೂ ಕೇಳುವುದಿಲ್ಲ, ನಮಗ್ಯಾಕಿಲ್ಲ ಅಂತಷ್ಟೇ ಕೇಳುತ್ತಾನೆ. ಲಾರೆನ್ಸ್ ಮುಖ ಸಪ್ಪೆ ಮಾಡಿಕೊಂಡು, ಈಗ ಯುದ್ಧದ ಸಮಯ, ಸ್ವಲ್ಪ ತಾಳ್ಮೆ ಇರಲಿ ಅನ್ನುವ ಧಾಟಿಯಲ್ಲೇ ಸಮಾಧಾನ ಮಾಡುತ್ತಿರುತ್ತಾನೆ. ಅದನ್ನೆಲ್ಲ ಓದಿ ತಲೆಯಾಡಿಸಿದ್ದೆ. ತಲೆಯಾಡಿಸಿದ್ದು ತಲೆಯೊಳಗೆ ಇಳಿದಿರಲಿಲ್ಲ ಅಂತ ಕಾಣುತ್ತೆ.

ಐದನೇ ಪುಸ್ತಕ ಶುರುವಾಗುವಾಗ ಇಬ್ಬರ ಸ್ಥಿತಿಯೂ ಕೆಟ್ಟಿದೆ. ಡ್ರ್ಯಾಗನ್‌ಗಳಿಗೆ ಒಂದು ಸಾಂಕ್ರಾಮಿಕ ರೋಗ ಬಂದಿತ್ತು. ಅದನ್ನು ಬೇಕಂತಲೇ ಫ್ರಾನ್ಸಿಗೆ ದಾಟಿಸಿ ಅಲ್ಲಿನ ಡ್ರ್ಯಾಗನ್‌ಗಳನ್ನೆಲ್ಲ ಕೊಲ್ಲಲು ಬ್ರಿಟಿಷರು ಹೊರಟಿದ್ದರು. ಇವರಿಬ್ಬರು ಔಷಧಿಯನ್ನು ಕದ್ದು ಶತ್ರುವಿಗೆ ತಲುಪಿಸಿಬಿಟ್ಟರು. ಹಾಗಾಗಿ ಲಾರೆನ್ಸ್ ದೇಶದ್ರೋಹಿ. ಅವನ ಕತ್ತು ಉಳಿದಿರುವುದು ಟೆಮರೇರ್ ಬಾಲ ಮುದುರಿಕೊಂಡು ಇರಲಿ ಅಂತ ಅಷ್ಟೇ. ಟೆಮರೇರ್ ವೇಲ್ಸಿನ ಬೆಟ್ಟಗಳಲ್ಲಿ, ಮರಿ ಮಾಡಿಸಲು ಇಟ್ಟಿರುವ ಡ್ರ್ಯಾಗನ್‌ಗಳ ಜಾಗದಲ್ಲಿ ಕೂತಿದ್ದಾನೆ. ಈ ಸಲ ಕೆಲವು ಅಧ್ಯಾಯಗಳನ್ನು ಅವನ ಕಣ್ಣಿನಿಂದಲೇ ಹೇಳಿಸಿದ್ದಾರೆ. ಅದೇ ಈ ಪುಸ್ತಕದ ರುಚಿ. ಅಷ್ಟು ದಿನ ಲಾರೆನ್ಸ್ ಕಣ್ಣಲ್ಲಿ ಮುದ್ದಾಗಿ ಕಾಣುತ್ತಿದ್ದವನು ಒಳಗಿನಿಂದ ನೋಡಿದರೆ ಎಷ್ಟು ಒಂಟಿ! ಲಾರೆನ್ಸ್ ಇದ್ದ ಹಡಗು ಮುಳುಗಿದೆ, ಅವನು ಸತ್ತ ಅಂತ ಸುದ್ದಿ ಬರುವ ಕಡೆ ನಾನು ಪುಸ್ತಕ ಮುಚ್ಚಿ ಸುಮ್ನೆ ನೀರು ಕುಡಿದು ಬಂದೆ. ಸತ್ತಿಲ್ಲ ಅಂತ ಗೊತ್ತಿದ್ದೂ.

ಆಮೇಲೆ ಟೆಮರೇರ್ ಮಾಡುವ ಕೆಲಸ ನೋಡಬೇಕು. ಯಾರಿಗೂ ಬೇಡವಾಗಿ ಬಿದ್ದಿದ್ದ ಡ್ರ್ಯಾಗನ್‌ಗಳನ್ನೆಲ್ಲ ಒಟ್ಟು ಮಾಡಿ ತಾನೇ ಒಂದು ದಂಡು ಕಟ್ಟುತ್ತಾನೆ. ಬೆನ್ನ ಮೇಲೆ ಕ್ಯಾಪ್ಟನ್ ಇಲ್ಲ. ಆ ದಂಡಿನಲ್ಲಿ ಪರ್ಸಿಟಿಯಾ ಅಂತ ಒಬ್ಬಳು ಬುದ್ಧಿವಂತೆ ಡ್ರ್ಯಾಗನ್ ಇದ್ದಾಳೆ, ಲೆಕ್ಕ ಅಂದರೆ ಅವಳಿಗೆ ಹಬ್ಬ. ನನಗೆ ಅವಳ ಮೇಲೆ ವಿಪರೀತ ಪ್ರೀತಿ. ಲಾರೆನ್ಸ್ ಮೇಲೆ ಈ ಸಲ ಅಷ್ಟಿಲ್ಲ. ಮಾನ, ಮರ್ಯಾದೆ, ಕರ್ತವ್ಯ ಅಂತ ಒಳಗೊಳಗೇ ಕೊರಗಿ ಕೊರಗಿ ಸವೆದುಹೋಗುತ್ತಾನೆ. ಹಿಡಿದು ಅಲ್ಲಾಡಿಸೋಣ ಅನ್ನಿಸುತ್ತದೆ. ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯೂ ಬರುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನಡೆಸಿದವನು, ಮುಂದೆ ವೆಲ್ಲಿಂಗ್ಟನ್ ಆದವನು, ಅವನೇ. ಅವನು ಪುಟಕ್ಕೆ ಬಂದ ಕೂಡಲೇ ನಾನು ಸ್ವಲ್ಪ ನೆಟ್ಟಗೆ ಕೂತೆ, ಯಾಕೋ ಗೊತ್ತಿಲ್ಲ. ಆ ಮನುಷ್ಯನ ಎದುರೇ ಟೆಮರೇರ್ ಸಂಬಳದ ಮಾತು ಎತ್ತುತ್ತಾನೆ!

ಭಾನುವಾರ ಓದು ನಿಂತೇಹೋಯಿತು. ಆ ಕಾಲದ ನಿಜವಾದ ನಾವಿಕರಿಗೆ ಸಂಬಳ ಎಷ್ಟಿತ್ತು ಅಂತ ಹುಡುಕುತ್ತಾ ಕೂತೆ. ಬ್ರಿಟಿಷ್ ನೌಕಾಪಡೆಯಲ್ಲಿ ಸಂಬಳ ನಿಗದಿಯಾಗಿದ್ದು 1658ರಲ್ಲಿ. ಮತ್ತೆ ಏರಿಸಿದ್ದು 1797ರಲ್ಲಿ. 139 ವರ್ಷ! ಅದೂ ಸುಮ್ಮನೆ ಏರಿಸಲಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದ ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕಿದ್ದ ಹಡಗುಗಳ ನಾವಿಕರು, ಫ್ರೆಂಚರು ಬಂದರೆ ಮಾತ್ರ ಹೊರಡುತ್ತೇವೆ, ಇಲ್ಲದಿದ್ದರೆ ಇಲ್ಲ ಅಂತ ಕೂತುಬಿಟ್ಟರು. ಅವರ ಬೇಡಿಕೆಗಳಲ್ಲಿ ಒಂದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೌಂಡು ಅಂದರೆ 16 ಔನ್ಸು. ಹಡಗಿನಲ್ಲಿ ರೇಷನ್ ಹಂಚುವವನು ಪೌಂಡಿಗೆ 14 ಔನ್ಸು ತೂಗಿ ಕೊಡುತ್ತಿದ್ದ. ಉಳಿದ ಎರಡು ಅವನ ಪಾಲು, ಅದೇ ಪದ್ಧತಿ. ನಮ್ಮ ಪೌಂಡಿಗೆ 16 ಔನ್ಸು ಕೊಡಿ ಅಂತ ಆ ಜನ ಕೇಳಿದ್ದರು. ಅಂದರೆ ಸಂಬಳ ಹಾಗಿರಲಿ, ಊಟವೂ ಪೂರ್ತಿ ಇರಲಿಲ್ಲ. ಕೊನೆಗೆ ಮುದುಕ ಅಡ್ಮಿರಲ್ ಹೋವ್ ಹಡಗಿಂದ ಹಡಗಿಗೆ ಹೋಗಿ ಒಪ್ಪಿಸಿದ, ಸಂಬಳ ಏರಿತು, ಕ್ಷಮೆಯೂ ಸಿಕ್ಕಿತು. ಅದೇ ವರ್ಷ ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ನೋರ್‌ನಲ್ಲಿ ದಂಗೆ ಎದ್ದವರಿಗೆ ಆ ಅದೃಷ್ಟ ಇರಲಿಲ್ಲ, ಮುಂದಾಳುಗಳು ನೇಣಿಗೆ ಹೋದರು.

ಅಷ್ಟೇ ಅಲ್ಲ. ಟೆಮರೇರ್ ಅನ್ನುವುದು ಒಂದು ನಿಜವಾದ ಹಡಗಿನ ಹೆಸರು. 98 ಫಿರಂಗಿಗಳ ಹಡಗು, 1805ರ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಹಡಗಿನ ಬೆನ್ನಿಗೇ ಇತ್ತು. ಲಾರೆನ್ಸ್ ಮರಿಗೆ ಹೆಸರಿಟ್ಟಿದ್ದು ಅದರ ನೆನಪಿನಲ್ಲಿ. ಆ ಹಡಗಿನಲ್ಲೇ 1801ರ ಕೊನೆಯಲ್ಲಿ ಐರ್ಲೆಂಡಿನ ಬಾಂಟ್ರಿ ಕೊಲ್ಲಿಯಲ್ಲಿ ದಂಗೆ ಆಗಿತ್ತು. ಯುದ್ಧ ಮುಗಿಯುತ್ತಾ ಬಂತು, ಮನೆಗೆ ಹೋಗ್ತೀವಿ ಅಂದವರಿಗೆ ವೆಸ್ಟ್ ಇಂಡೀಸ್‌ಗೆ ಹೊರಡಿ ಅಂದಿದ್ದರು. ಆಗುವುದಿಲ್ಲ ಅಂದವರಲ್ಲಿ ಮುಂದೆ ನಿಂತವರನ್ನು ಗಲ್ಲಿಗೇರಿಸಿದರು. ಲೇಖಕಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಹೆಸರು ಆರಿಸಿದರೋ ಇಲ್ಲವೋ, ನನಗೆ ಮಾತ್ರ ಆಮೇಲೆ ಆ ಹೆಸರು ಬೇರೆ ಥರ ಕೇಳಿಸತೊಡಗಿತು.

"ಅದು ಊಟ. ಊಟ ಸಂಬಳ ಅಲ್ಲ."

ಸೋಮವಾರ ಆಫೀಸಿನಲ್ಲಿ ಮತ್ತೆ ಇದೇ ನೆನಪಾಯಿತು. ಹೋದ ತಿಂಗಳು ಕೆಲಸ ಮುಗಿಯದೆ ನಾವು ಆರು ಜನ ಮೂರು ರಾತ್ರಿ ಅಲ್ಲೇ ಉಳಿದಿದ್ದೆವು. ಮ್ಯಾನೇಜರ್ ಬಂದು ಭುಜ ತಟ್ಟಿ, "ಊಟ ಕಂಪನಿದೇ ಕಣ್ರಪ್ಪಾ, ಏನ್ ಬೇಕೋ ತರಿಸ್ಕೊಳ್ಳಿ" ಅಂದಿದ್ದರು. ನಮಗೆಷ್ಟು ಖುಷಿ! ಫೋಟೋ ಬೇರೆ ತೆಗೆದುಕೊಂಡಿದ್ದೆವು. ಮೂರು ರಾತ್ರಿಯ ದುಡ್ಡಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಇಲ್ಲ. ಮ್ಯಾನೇಜರ್ ಕೆಟ್ಟವರೇನಲ್ಲ, ರ‍್ಯಾಂಕಿನ್‌ಗೆ ಹೋಲಿಸಿದರೆ ಪಾಪ. ಆವತ್ತು ನಮ್ಮ ಜೊತೆ ಅವರೂ ಎದ್ದಿದ್ದರು. ಲಾರೆನ್ಸ್ ಥರದವರು ಅನ್ನಿ.

ಬುಧವಾರ ರಾತ್ರಿ ಪುಸ್ತಕ ಮುಗಿಯಿತು. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿದರೂ ಬೇಜಾರಿಲ್ಲ. ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದ್ದೆ, ಆ ಕಡೆಯಿಂದ ಫೋನ್ ಕಸಿದುಕೊಂಡ ಸದ್ದು.

"ಚಿಕ್ಕಿ, ಮುಗೀತಾ? ಸಂಬಳ ಕೊಟ್ರಾ?"

"ಕೊಡ್ತೀವಿ ಅಂದಿದ್ದಾರೆ ಕಣೇ."

"ಟೆಮರೇರ್‌ಗೂ?"

"ಅವನನ್ನ ಲಾರೆನ್ಸ್ ಜೊತೆ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದ್ದಾರೆ. ಕೈದಿಗಳನ್ನ ಕಳಿಸೋ ಜಾಗಕ್ಕೆ."

ಸ್ವಲ್ಪ ಹೊತ್ತು ಮಾತಿಲ್ಲ.

"ಯಾಕೆ, ಕೇಳಿದ್ದಕ್ಕಾ?"

"ಅದೊಂದೇ ಅಲ್ಲ, ಬೇರೆ ಕಾರಣಾನೂ ಇದೆ. ಇನ್ನೂ ನಾಲ್ಕು ಪುಸ್ತಕ ಬಾಕಿ ಇದೆಯಲ್ಲ, ನೋಡೋಣ ಇರು."

"ಬೇಗ ಓದು," ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟಳು.